ಬಾಯಿಬಿಟ್ಟು ಹೇಳಿದ ರೇಟು

ಹಿಂದೂಪುರ
೨೧ ಏಪ್ರಿಲ್ ೨೦೨೪, ಭಾನುವಾರ

ನನ್ನ ಜಗಳಗಂಟಿ ಗೌರಿಗೆ ಪದ್ಮಿಯ ನಮಸ್ಕಾರ, ಜೊತೆಗೆ ಬೆನ್ನಿಗೊಂದು ಗುದ್ದು.

ಗುದ್ದು ಯಾಕೆ ಅಂದರೆ ನಿನ್ನೆ ನೀನು ಕಳಿಸಿದ ಮೆಸೇಜಿಗೆ. "ಹೊಸ ಕೆಲ್ಸ ಸಿಕ್ಕಿದ ಮ್ಯಾಲೆ ದೊಡ್ಡೋರಾಗ್ಬುಟ್ರಿ ಕಣಮ್ಮ, ನಾವೆಲ್ಲಿ ನೆಪ್ಪಿಗೆ ಬತ್ತೀವಿ" ಅಂತ ಬರೆದಿದ್ದೀಯಲ್ಲ, ಕೈ ಹೇಗೆ ಬಂತೇ ನಿನಗೆ? ಫೋನ್ ಮಾಡಬಹುದಿತ್ತು ಅನ್ನುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡಿ, ಕೊನೆಗೆ ನಿಮ್ಮ ಮನೆಯ ಮಿಕ್ಸಿ ಕೆಟ್ಟ ಕಥೆಗೆ ತಂದು ನಿಲ್ಲಿಸುತ್ತೀಯ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕಲಾರೆ. ಅದಕ್ಕೇ ಮಗಳು ಹರ್ಷಿತಾಳ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಕೂತಿದ್ದೇನೆ. ಒಂದು ಮಾತು: ಕಥೆಪುಸ್ತಕದ ಕೊನೆಯ ಪುಟ ಮೊದಲು ಓದುವ ನಿನ್ನ ಹಾಳು ಚಟವನ್ನು ಇವತ್ತೊಂದು ದಿನ ಬಿಡು. ಕಾಗದ ತಿರುಗಿಸಿದರೆ ನನ್ನ ಮೇಲಾಣೆ.

ನಿಜ ಹೇಳುತ್ತೇನೆ. ಫೆಬ್ರವರಿಯಿಂದ ನಿನಗೆ ಕಳಿಸಿದ "ಸೂಪರ್", "ಚೆನ್ನಾಗಿದೆ", ಹೆಬ್ಬೆರಳಿನ ಗುರುತು, ಅದೆಲ್ಲ ಸುಳ್ಳು. ಚೆನ್ನಾಗಿರಲಿಲ್ಲ. ಹೇಳಿದ್ದರೆ ನೀನು "ನಾನು ಮೊದ್ಲೇ ಅಂದಿದ್ದೆ" ಅನ್ನುತ್ತಿದ್ದೆ. ಆ ಮಾತು ಕೇಳುವ ಶಕ್ತಿ ನನಗಿರಲಿಲ್ಲ.

ನೀನು ಮೊದಲೇ ಅಂದಿದ್ದು ನಿಜ. ನಾನು ಸ್ಕೂಲಿನ ಆಫೀಸು ಕೆಲಸ ಬಿಡುತ್ತೇನೆ ಅಂದಾಗ, "ಬ್ಯಾಡ ಕಣೇ ಪದ್ಮಿ, ನೆಳ್ಳಾಗೆ ಕೂತು ಮಾಡೋ ಕೆಲ್ಸ, ಒದ್ಕೋಬ್ಯಾಡ" ಅಂದಿದ್ದೆ. ನೆರಳು ನಿಜ, ಫ್ಯಾನೂ ಇತ್ತು. ಆದರೆ ನನಗೇನಾಯಿತು ಗೊತ್ತೇ? ಜನವರಿಯಲ್ಲಿ ಒಂದು ದಿನ ಒಬ್ಬ ಹುಡುಗಿಗೆ ಟಿ.ಸಿ. ಬರೆಯುತ್ತಿದ್ದೆ. ಹೆಸರು ನೋಡಿದರೆ, ಅವಳನ್ನು ಎಲ್.ಕೆ.ಜಿ.ಗೆ ಸೇರಿಸಿಕೊಂಡವಳೂ ನಾನೇ. ಮೂಗು ಸುರಿಸಿಕೊಂಡು ಬಂದವಳು ನನ್ನ ಎತ್ತರ ಬೆಳೆದು, "ಬತ್ತೀನಿ ಮೇಡಂ" ಅಂತ ಹೊರಟೇಬಿಟ್ಟಳು. ಎಲ್ಲರಿಗೂ ಟಿ.ಸಿ. ಬರೆದು ಕೊಟ್ಟು ಕಳಿಸಿದವಳು ನಾನು. ನನಗೆ ಬರೆದುಕೊಡುವವರು ಯಾರು? ಅದೇ ಸಂಜೆ ನಾನೇ ಬರೆದುಕೊಂಡೆ. ರಾಜೀನಾಮೆ ಪತ್ರ ಅಂತ ಮೇಲೆ ಹಾಕಿದೆ, ಅಷ್ಟೇ ವ್ಯತ್ಯಾಸ.

ಹೊಸ ಕೆಲಸ ಏನೆಂದು ಸರಿಯಾಗಿ ಹೇಳಿಯೂ ಇರಲಿಲ್ಲ ನಿನಗೆ. "ಕಂಪನಿ" ಅಂದಿದ್ದೆ. ಎ.ಸಿ. ಕಂಪನಿ ಅಂದುಕೊಂಡೆಯೇನೋ. ರೊದ್ದಂ ಕಡೆಯ ರೈತರು ಸೇರಿ ಕಟ್ಟಿಕೊಂಡ ಕಂಪನಿ ಕಣೇ ಅದು. ಅವರವರ ಹೊಲದ ಬದುಗಳಲ್ಲಿರುವ ಮರದ ಹುಣಸೆಹಣ್ಣನ್ನು ಒಟ್ಟುಗೂಡಿಸಿ, ಹೆಂಗಸರೇ ಬೀಜ, ನಾರು ಬಿಡಿಸಿ, ದಲ್ಲಾಳಿ ಇಲ್ಲದೆ ನೇರ ಹಿಂದೂಪುರದಲ್ಲಿ ಮಾರಬೇಕು ಅನ್ನುವುದು ಅವರ ಆಸೆ. ಆ ಮಾರುವ ಕೆಲಸಕ್ಕೆ ಒಬ್ಬರು ಬೇಕಿತ್ತು. ಹುಣಸೆಮರದ ಕೆಳಗೆ ಹುಟ್ಟಿದವಳು ನಾನು, ಹಣ್ಣು ಮೂಸಿ ನೋಡಿ ಇದು ಯಾವ ತಿಂಗಳಲ್ಲಿ ಬಡಿದದ್ದು ಅಂತ ಹೇಳಬಲ್ಲೆ. ತೆಲುಗು, ಕನ್ನಡ ಎರಡರಲ್ಲೂ ಬೈಯಬಲ್ಲೆ. ಇನ್ನೇನು ಬೇಕು? ಕಂಪನಿಯ ಅಧ್ಯಕ್ಷರು ರಾಮಲಿಂಗಯ್ಯನವರು, ಒಳ್ಳೆಯ ಮನುಷ್ಯ, ಆದರೆ ಮಾತು ಖಡಕ್. "ಯುಗಾದಿಯೊಳ್ಗೆ ಈ ವರ್ಷದ ಮಾಲು ಮಾರಿ ತೋರ್ಸಮ್ಮ. ಆದ್ರೆ ಕೆಲ್ಸ ಖಾಯಂ. ಆಗ್ದಿದ್ರೆ ದಲ್ಲಾಳಿ ಹತ್ರಾನೇ ಹೋಯ್ತೀವಿ, ಆಮೇಲೆ ಈ ಕೆಲ್ಸಾನೇ ಇರಾಕಿಲ್ಲ" ಅಂದರು. ನಾನು ಹೂಂ ಅಂದೆ. ಏನು ಮಹಾ, ಮಾರುವುದು ತಾನೇ ಅಂದುಕೊಂಡೆ.

ಅಲ್ಲೇ ಗೌರಿ ನಾನು ಎಡವಿದ್ದು. ನಾವು ಮಾಲು ಇಳಿಸುವ ಮಂಡಿಯಲ್ಲಿ ಒಳ್ಳೆಯ ಹಣ್ಣಿಗೆ ಯಾರೂ ಬಾಯಿಬಿಟ್ಟು ರೇಟು ಹೇಳುವುದಿಲ್ಲ. ನಿನಗೆ ಇದನ್ನು ಹೇಳುವುದು ಅಜ್ಜಿಗೆ ಅಡುಗೆ ಕಲಿಸಿದ ಹಾಗೆ, ಆದರೂ ಹೇಳುತ್ತೇನೆ, ಬರೆಯುವಾಗ ಈಗಲೂ ಮೈ ಉರಿಯುತ್ತದೆ. ಮಾರುವವನೂ ಕೊಳ್ಳುವವನೂ ಎದುರುಬದುರು ಕೂರುತ್ತಾರೆ. ಇಬ್ಬರ ಕೈಯ ಮೇಲೆ ಒಂದು ಟವೆಲ್. ಟವೆಲಿನ ಕೆಳಗೆ ಬೆರಳು ಹಿಡಿದು, ಅಮುಕಿ, ಬಿಟ್ಟು ರೇಟು ಮಾತಾಡುತ್ತಾರೆ. ಮೇಲುಗಡೆ ಮಾತ್ರ "ಮಗಳ ಮದ್ವೆ ಎಲ್ಲಿಗ್ ಬಂತಣ್ಣ" ಅಂತ ಲೋಕಾಭಿರಾಮ. ಯಾರಿಗೆ ಎಷ್ಟಕ್ಕೆ ಹೋಯಿತೆಂದು ಪಕ್ಕದವನಿಗೂ ತಿಳಿಯುವುದಿಲ್ಲ. ಹಣ್ಣು ಬೆಳೆದ ರೈತನಿಗಂತೂ ದಲ್ಲಾಳಿ ಹೇಳಿದ್ದೇ ರೇಟು.

ನಾನು ಹೋಗಿ ಕೂತೆ. ಕೈ ಚಾಚಿದೆ. ನನ್ನ ಕೈ ಹಿಡಿಯುವವರು ಯಾರೇ? ಒಬ್ಬರೂ ಇಲ್ಲ! ಹೆಂಗಸಿನ ಕೈಯನ್ನು ನಾಲ್ಕು ಜನರ ಎದುರಿಗೆ ಬಟ್ಟೆಯ ಕೆಳಗೆ ಹಿಡಿಯುವುದುಂಟೇ? ಮಾನವಂತರು ಎಲ್ಲರೂ! ಮಾಲು ನೋಡುತ್ತಾರೆ, ಬಾಯಿಗೆ ಹಾಕಿಕೊಂಡು ಚಪ್ಪರಿಸುತ್ತಾರೆ, "ಚಾಲಾ ಬಾಗುಂದಿ" ಅಂತ ಹೊಗಳುತ್ತಾರೆ, ಆಮೇಲೆ "ನಿಮ್ಮನೆಯೋರ್ನ ಕಳ್ಸಮ್ಮ" ಅಂದು ಎದ್ದು ಹೋಗುತ್ತಾರೆ. ದಿನಾ ಇದೇ. ಅಲ್ಲಿ ಚಂದ್ರಮೋಹನ್ ಅನ್ನುವ ದೊಡ್ಡ ವ್ಯಾಪಾರಿ ಒಬ್ಬನಿದ್ದಾನೆ, ಬಿಳೀ ಪ್ಯಾಂಟು, ಕೊರಳಲ್ಲಿ ಹಗ್ಗದಂಥ ಚೈನು. ಅವನಂತೂ ನನ್ನನ್ನು ನೋಡಿದ ಕೂಡಲೇ ಎರಡೂ ಕೈ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಸುತ್ತಲಿನವರಿಗೆ ನಗು.

ನಿಮ್ಮಪ್ಪನೂ ಇದ್ದರು. ಕಲ್ಯಾಣದುರ್ಗದ ಅಂಗಡಿಗೆ ಪ್ರತಿ ಸೀಸನ್ನಿನಲ್ಲಿ ಇಲ್ಲೇ ಹುಣಸೆ ಕೊಳ್ಳುವ ತಿಪ್ಪೇರುದ್ರಪ್ಪನವರು ಈ ವರ್ಷ ಮಾತ್ರ ಬಿಡುತ್ತಾರೆಯೇ? ನಾವಿಬ್ಬರೂ ಹಾಸ್ಟೆಲಿನಲ್ಲಿದ್ದಾಗ ನಿಮ್ಮ ಮನೆಗೆ ಬಂದು ಅವರ ತಟ್ಟೆಯ ಪಕ್ಕದಲ್ಲೇ ರೊಟ್ಟಿ ತಿಂದವಳು ನಾನು. ಸಂಕೋಚವಿಲ್ಲದೆ "ಅಪ್ಪಾಜಿ, ನೀವಾದ್ರೂ ಬನ್ನಿ" ಅಂದೆ. "ಪದ್ದಮ್ಮ, ನೀನು ನಮ್ ಗೌರಿ ಇದ್ದಂಗೆ. ನಿನ್ ಕೈ ಹೆಂಗ್ ಹಿಡೀಲಮ್ಮ ಈ ಜನದ್ ಮಧ್ಯೆ" ಅಂದು ಕಣ್ಣು ತಪ್ಪಿಸಿ ಮುಂದೆ ಹೋದರು. ಬೇರೆಯವರ ನಗುವಿಗಿಂತ ಅದು ಹೆಚ್ಚು ನೋಯಿಸಿತು ಕಣೇ. ಅಳು ಬಂತು.

ಮಾರ್ಚಿನ ಬಿಸಿಲು ನಿನಗೆ ಗೊತ್ತು. ಹಣ್ಣು ಶೆಡ್ಡಿನಲ್ಲಿ ಕೂತಷ್ಟೂ ಕಪ್ಪಾಗುತ್ತದೆ, ಕಪ್ಪಾದಷ್ಟೂ ರೇಟು ಇಳಿಯುತ್ತದೆ. ದಿನಾ ಬೆಳಗ್ಗೆ ಒಂದು ಚೀಲ ಬಿಚ್ಚಿ ಬಣ್ಣ ನೋಡುವುದು, ಮತ್ತೆ ಕಟ್ಟಿಡುವುದು. ಕೊನೆಗೆ ನಾನೂ ಸೋತು ನಮ್ಮೆಜಮಾನರನ್ನೇ ಕರೆದುಕೊಂಡು ಹೋದೆ. ಮೋಟಾರು ವೈಂಡಿಂಗ್ ಮಾಡುವ ಲಕ್ಷ್ಮೀಕಾಂತರಿಗೆ ಹುಣಸೆಯ ಗಂಧವೂ ಇಲ್ಲ, ಗಾಳಿಯೂ ಇಲ್ಲ. ಹಿಂದಿನ ಸಂಜೆ ಅಡುಗೆಮನೆಯಲ್ಲಿ ಕೂರಿಸಿ, ಯಾವ ಬೆರಳು ಹಿಡಿದರೆ ಎಷ್ಟು ಅಂತ ಪಾಠ ಮಾಡಿದೆ. ನಮ್ಮತ್ತೆ ಶಿವಲಕ್ಷ್ಮಮ್ಮನವರು ಒಳಗೆ ಬಂದು ನೋಡಿ, "ಇಷ್ಟ್ ವಯಸ್ಸಾದ್ ಮ್ಯಾಲೆ ಇದೇನ್ರೇ ಕೈ ಕೈ ಹಿಡ್ಕೊಂಡು" ಅಂದು ಹೊರಟೇಹೋದರು. ಬೆಳಗ್ಗೆ ಮಂಡಿಯಲ್ಲಿ ಈ ಮಹಾಶಯ ಗಂಭೀರವಾಗಿ ಕೂತರು. ಟವೆಲ್ ಬಿತ್ತು. ಎದುರಿನವನು ಬೆರಳು ಮುಟ್ಟಿದನೋ ಇಲ್ಲವೋ, ಕಿಸಕ್ ಅಂತ ನಕ್ಕುಬಿಟ್ಟರು! ಗೌರಿ, ಮದುವೆಯಾಗಿ ಇಷ್ಟು ವರ್ಷ ಬಾಳಿದ್ದೇನೆ, ಈ ಮನುಷ್ಯನ ಅಂಗೈಗೆ ಕಚಗುಳಿ ಅಂತ ನನಗೇ ಗೊತ್ತಿರಲಿಲ್ಲ. ತಡೆದುಕೊಳ್ಳಲು ನೋಡಿದರು, ಕಣ್ಣಲ್ಲಿ ನೀರು ಬಂತು, ಕೊನೆಗೆ ಕೈ ಕಿತ್ತುಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೈ ಮೊದಲು ಕಿತ್ತುಕೊಂಡವನು ವ್ಯಾಪಾರ ಬೇಡ ಅಂದ ಹಾಗೆ ಲೆಕ್ಕ. ಆ ದಿನವೂ ಹೋಯಿತು. ಮನೆಯವರೆಗೆ ನಾನು ಅವರೊಡನೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ನನಗೂ ನಗು ತಡೆಯಲಾಗಲಿಲ್ಲ, ಅದು ಬೇರೆ ವಿಷಯ.

ಇನ್ನು ಮೇಲೆ ಯಾರನ್ನೂ ಕರೆದೊಯ್ಯುವುದಿಲ್ಲ ಅಂತ ಹಟ ಹುಟ್ಟಿತು. ಯಾರದ್ದೋ ಬೆವರಿನ ಟವೆಲಿಗೆ ಇವರು ಸಂಕೋಚ ಪಡುತ್ತಿರಬಹುದು, ನಾನೇ ಒಂದು ಒಳ್ಳೆಯ ಹೊಸ ಟವೆಲ್ ಒಯ್ದರೆ ಮರ್ಯಾದೆಯಾಗಿ ಕಾಣುತ್ತದೆ ಅಂತ ಹೊಳೆಯಿತು. ನನ್ನ ತಲೆಗೆ ಏನು ಬಡಿದಿತ್ತೋ! ಬೀರುವಿನಲ್ಲಿ ಮಡಿಕೆ ಬಿಚ್ಚದ ಬಿಳೀ ಟವೆಲ್ ಇತ್ತು, ದಪ್ಪಗೆ, ಕೆಂಪಂಚು. ಎತ್ತಿಕೊಂಡು ಹೋದೆ. ಮಂಡಿಯ ನಡುವೆ ಕೂತು, ಜಾದೂ ಮಾಡುವವಳ ಹಾಗೆ ಜಾಡಿಸಿ ಬಿಚ್ಚಿದೆ. ಹತ್ತಿರ ಬಂದಿದ್ದವರೆಲ್ಲ ದಡಕ್ಕನೆ ಹಿಂದೆ ಸರಿದರು. ನೋಡುತ್ತೇನೆ, ಮೂಲೆಯಲ್ಲಿ ನಮ್ಮೆಜಮಾನರ ದೊಡ್ಡಪ್ಪ ಕೇಶವಯ್ಯನವರ ಹೆಸರು, ಅವರು ಹುಟ್ಟಿದ ದಿನ, ಹೋದ ದಿನ, ಚೆಂದಾಗಿ ಪ್ರಿಂಟ್ ಮಾಡಿಸಿದ್ದಾರೆ! ಹೋದ ವರ್ಷ ಅವರ ವೈಕುಂಠ ಸಮಾರಾಧನೆಯ ದಿನ ನೆಂಟರಿಗೆಲ್ಲ ಹೊದಿಸಿದ ಟವೆಲ್ ಅದು. ಸತ್ತವರ ಹೆಸರಿನ ಬಟ್ಟೆಯನ್ನು ವ್ಯಾಪಾರಕ್ಕೆ ಹಾಸಿದ್ದೆ ನಾನು. ಚಂದ್ರಮೋಹನ್ ಮೊದಲ ಸಾರಿ ಜೇಬಿನಿಂದ ಕೈ ತೆಗೆದ, ಮುಗಿಯುವುದಕ್ಕೆ. "ಅಮ್ಮಾ ತಲ್ಲೀ, ನಮ್ಮನ್ನೂ ಕಳಿಸಿಬಿಡ್ತೀಯೇನು?" ಅಂದ. ಇಡೀ ಮಂಡಿ ಬಿದ್ದುಬಿದ್ದು ನಕ್ಕಿತು.

ಹೊರಗೆ ಬಂದು ಸ್ಕೂಟಿಯ ಮೇಲೆ ಕೂತು ಅತ್ತೆ. ನಿನ್ನಿಂದ "ಹೆಂಗಿದೀಯೇ" ಅಂತ ಮೆಸೇಜು ಬಂದದ್ದು ಆಗಲೇ. "ಸೂಪರ್" ಅಂತ ಕಳಿಸಿದೆ. ರಾಮಲಿಂಗಯ್ಯನವರಿಗೆ ಸುದ್ದಿ ಮುಟ್ಟಿತ್ತು. ಬೈಯಲಿಲ್ಲ. "ಸಾಕು ಬಿಡಮ್ಮ, ನಾಳೆ ದಲ್ಲಾಳಿನ ಕರೆಸ್ತೀನಿ. ನಿನ್ನ ತಪ್ಪೇನಿಲ್ಲ" ಅಂದರು. ಬೈದಿದ್ದರೆ ವಾಸಿಯಿತ್ತು. ನಾಳೆ ಒಂದು ದಿನ ಕೊಡಿ ಸಾರ್, ಮಧ್ಯಾಹ್ನದ ಊಟದ ಹೊತ್ತಿಗೆ ಆಗದಿದ್ದರೆ ನಾನೇ ದಲ್ಲಾಳಿಯ ಮನೆಗೆ ಹೋಗಿ ಕರೆದು ತರುತ್ತೇನೆ ಅಂತ ಬೇಡಿಕೊಂಡೆ. ಯುಗಾದಿ ಎದುರಿಗೇ ಇತ್ತು.

ಮನೆಗೆ ಬಂದರೆ ಹರ್ಷಿತಾ ಆ ಟವೆಲನ್ನು ಮಡಿಸುತ್ತಾ, "ಅಮ್ಮಾ, ಅಷ್ಟಕ್ಕೂ ಬಟ್ಟೆ ಯಾಕೆ ಮುಚ್ಚಬೇಕು?" ಅಂದಳು. ಮುಚ್ಚುವುದೇ ಪದ್ಧತಿ, ಹಿರಿಯರ ಕಾಲದಿಂದ ಬಂದದ್ದು ಅಂತ ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿದೆ. ಈ ಮಾತು ಹಿಂದೆಯೂ ಒಮ್ಮೆ ನನ್ನ ಕಿವಿಗೆ ಬಿದ್ದಿತ್ತು. ಯಾರಿಂದ ಗೊತ್ತೇನೇ? ನಿನ್ನಿಂದ! ಹಾಸ್ಟೆಲ್ಲಿನ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಾ, ನೀನು ಒಂದು ಲಂಗವನ್ನು ಬೀಸಿ, "ನಾನೇನಾರ ನಮ್ಮಪ್ಪನ ಗದ್ದಿಗೆ ಮ್ಯಾಲೆ ಕೂತ್ರೆ, ಟವೆಲ್ ಹಾಸಿ ಅದ್ರ ಮ್ಯಾಲೆ ಮಾಲು ಸುರೀತೀನಿ, ರೇಟು ಊರಿಗೇ ಕೇಳಂಗೆ ಕೂಗ್ತೀನಿ" ಅಂದಿದ್ದೆ. ರಜೆಗೆ ಊರಿಗೆ ಹೋಗಿ ನಿಮ್ಮಪ್ಪನಿಗೂ ಹಾಗೇ ಹೇಳಿದೆಯಂತೆ. ಅವರು ನಕ್ಕು, ನಿಮ್ಮ ಅಣ್ಣ ಶರಣಬಸವನನ್ನು ಅಂಗಡಿಯ ಗದ್ದುಗೆಯ ಮೇಲೆ ಕೂರಿಸಿದರು. ನೀನು ಅವತ್ತಿನಿಂದ ಅವರ ಜೊತೆ "ಊಟ ಆಯ್ತಾ, ಮಾತ್ರೆ ನುಂಗಿದ್ರಾ" ಬಿಟ್ಟು ಬೇರೆ ಮಾತಾಡಿಲ್ಲ. ಕಲ್ಯಾಣದುರ್ಗದ ಕಾಲೇಜಿನ ಫೀಸು ಕೌಂಟರಿನ ಹಿಂದೆ ಹೋಗಿ ಕೂತೆ. ನನಗೆ "ಒದ್ಕೋಬ್ಯಾಡ" ಅಂದದ್ದೂ ಅದೇ ಕೌಂಟರಿನಿಂದಲೇ.

ಮರುದಿನ ಬೆಳಗ್ಗೆ ನಾನು ನೀನಾಗಿ ಹೋದೆ.

ಕೇಶವಯ್ಯನವರ ಟವೆಲನ್ನು ಅತ್ತೆಯ ಕೈಗೆ ಕೊಟ್ಟು, ಅಂಗಡಿಯಿಂದ ಹಳದಿ ಟವೆಲ್ ಕೊಂಡು, ನಾಲ್ಕೂ ಮೂಲೆ ಎರಡೆರಡು ಸಾರಿ ನೋಡಿದೆ. ಮಂಡಿಯ ನಟ್ಟನಡುವೆ ಅದನ್ನು ನೆಲಕ್ಕೆ ಹಾಸಿದೆ. ಚೀಲ ಬಿಚ್ಚಿ ಅದರ ಮೇಲೆ ಹಣ್ಣು ಸುರಿದೆ. ಎಂಥ ಹಣ್ಣು ಗೌರಿ, ಒಂದು ಬೀಜವಿಲ್ಲ, ನಾರಿಲ್ಲ, ಬೆಳಗಿನ ಬಿಸಿಲಿಗೆ ಹೊಸ ಬೆಲ್ಲದ ಹಾಗೆ ಹೊಳೆಯುತ್ತಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಮೊದಲು ತೆಲುಗಿನಲ್ಲಿ ಆಮೇಲೆ ಕನ್ನಡದಲ್ಲಿ ಕೂಗಿದೆ. "ನನ್ನ ಮಾಲು ಬಟ್ಟೆ ಮ್ಯಾಲೈತೆ, ನನ್ನ ರೇಟು ಬಾಯ್ಮ್ಯಾಲೈತೆ. ಕೈ ಯಾರೂ ಕೊಡಬ್ಯಾಡ್ರಿ. ಬಾಯಿದ್ದೋರು ಕೇಳ್ರಿ!" ಅಂದು ರೇಟು ಹೇಳಿದೆ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ನೀನು ಹೋಗಿ ನಿಮ್ಮಣ್ಣನಿಗೆ ಹೇಳಿಬಿಡುತ್ತೀಯ.

ವ್ಯಾಪಾರಿಗಳು ಮುಖ ಮುಖ ನೋಡಿಕೊಂಡರು. ಚಂದ್ರಮೋಹನ್, "ಇದೇನ್ ತರಕಾರಿ ಸಂತೇನಾ" ಅಂದ. ಆದರೆ ಬೇರೆ ದಲ್ಲಾಳಿಗಳ ಮಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ರೈತರು ಒಬ್ಬೊಬ್ಬರಾಗಿ ಎದ್ದು ಬಂದು ನನ್ನ ಸುತ್ತ ನಿಂತರು. ರೇಟು ಅನ್ನುವುದು ಕಿವಿಗೆ ಬಿದ್ದದ್ದೇ ಅವರಿಗೆ ಹೊಸದು. ನಾನು ಮತ್ತೆ ಕೂಗಿದೆ. ಕೊಳ್ಳುವವರು ಯಾರೂ ಮುಂದೆ ಬರಲಿಲ್ಲ. ಬಾಗಿಲ ಹತ್ತಿರ ರಾಮಲಿಂಗಯ್ಯನವರು ತಲೆ ತಗ್ಗಿಸಿ ನಿಂತಿದ್ದು ಕಂಡಿತು. ಮುಗಿಯಿತು ಅಂದುಕೊಂಡೆ.

ಆಗ ಜನರನ್ನು ಸರಿಸಿಕೊಂಡು ನಿಮ್ಮಪ್ಪ ಬಂದರು. ಪಂಚೆ ಎತ್ತಿ ಕಟ್ಟಿ ಟವೆಲಿನ ಮುಂದೆ ಕೂತರು. ಒಂದು ಚೂರು ಹಣ್ಣು ಕಿತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಚೀಪಿದರು. ಆಮೇಲೆ ತಲೆಯೆತ್ತಿ, "ಬಾಯ್ಬಿಟ್ಟು ಕೇಳ್ದೋಳಿಗೆ ಬಾಯ್ಬಿಟ್ಟೇ ಹೇಳ್ಬೇಕು ಕಣ್ರಪ್ಪಾ" ಅಂದು, ಗೋಡೆಗೆ ಬಡಿದು ವಾಪಸು ಬರುವ ಹಾಗೆ ತಮ್ಮ ರೇಟು ಕೂಗಿದರು! ಆ ಮನುಷ್ಯನ ರೇಟನ್ನು ಇದುವರೆಗೆ ಅವರ ಹೆಂಡತಿಯೂ ಕೇಳಿರಲಿಕ್ಕಿಲ್ಲ. ನಾನು ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯೇ, ವ್ಯಾಪಾರಿ ವ್ಯಾಪಾರಿಯೇ ತಾನೆ. ಆದರೆ ದಲ್ಲಾಳಿಗಳು ರೈತರಿಗೆ ಹೇಳುತ್ತಿದ್ದ ರೇಟಿಗಿಂತ ಎಷ್ಟೋ ಮೇಲೆ. ಸುತ್ತ ನಿಂತಿದ್ದ ರೈತರು ಹೋ ಅಂದರು.

ಅಷ್ಟೇ ಸಾಕಾಯಿತು. ತಿಪ್ಪೇರುದ್ರಪ್ಪನಿಗೆ ಈ ಮಾಲು ಹೋದರೆ ತನ್ನ ಮೀಸೆ ಮಣ್ಣಾಯಿತು ಅಂದುಕೊಂಡ ಚಂದ್ರಮೋಹನ್ ಒಂದು ಮೆಟ್ಟಿಲು ಮೇಲೆ ಕೂಗಿದ. ನಿಮ್ಮಪ್ಪ ಇನ್ನೊಂದು ಮೆಟ್ಟಿಲು. ಹಿಂದಿನಿಂದ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಒಬ್ಬರ ರೇಟು ಇನ್ನೊಬ್ಬರ ಕಿವಿಗೆ ಬಿದ್ದರೆ ತಾನಾಗಿ ಏರುತ್ತದೆ ಅಂತ ನೀನು ಆ ತಾರಸಿಯ ಮೇಲೆ ಹೇಳಿದ್ದೆಯಲ್ಲ, ಹಾಗೇ ಆಯಿತು. ನಾನು "ಒಂದ್ಸಾರಿ! ರೆಂಡೋ ಸಾರಿ!" ಅಂತ ಎರಡೂ ಭಾಷೆ ಕಲಸಿ ಕೂಗುತ್ತಿದ್ದೆ. ನನ್ನ ಬಾಯಿ ನನ್ನ ಮಾತೇ ಕೇಳುತ್ತಿರಲಿಲ್ಲ. ಊಟದ ಹೊತ್ತಿಗೆ ಶೆಡ್ಡು ಖಾಲಿ. ಕೊನೆಯ ಚೀಲಗಳು ನಾನು ಮೊದಲು ಕೂಗಿದ್ದಕ್ಕಿಂತ ಮೇಲಕ್ಕೇ ಹೋದವು. ಗೆದ್ದೆ ಕಣೇ ಗೌರೀ! ಗೆದ್ದೆ!

ರಾಮಲಿಂಗಯ್ಯನವರು ಅಲ್ಲೇ, ಎಲ್ಲರೆದುರಿಗೆ, "ಇವಮ್ಮ ನಮ್ಮ ಕಂಪನಿ ಖಾಯಂ ಮೇಡಮ್ಮು" ಅಂದರು. ಯುಗಾದಿಗೆ ನಮ್ಮ ಮನೆಗೆ ರೊದ್ದಂನಿಂದ ಮಾವಿನ ಸೊಪ್ಪು, ಬೇವಿನ ಸೊಪ್ಪು, ಒಂದು ಕುಕ್ಕೆ ಕಡಲೆಕಾಯಿ ಬಂದವು, ಹಣ್ಣು ಬಿಡಿಸಿದ ಹೆಂಗಸರು ಕಳಿಸಿದ್ದು. ಅತ್ತೆ ಓಳಿಗೆ ತಟ್ಟುತ್ತಾ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು "ನಮ್ ಸೊಸೆ ಮಂಡೀನೇ ಅಲ್ಲಾಡ್ಸಿಬುಟ್ಲು" ಅನ್ನುತ್ತಿದ್ದರು. ಲಕ್ಷ್ಮೀಕಾಂತ್ ತಮ್ಮ ಕಚಗುಳಿಯಿಂದಲೇ ಇದೆಲ್ಲ ಶುರುವಾದದ್ದು ಅಂತ ಜಂಬ ಕೊಚ್ಚುತ್ತಿದ್ದಾರೆ. ಹೋದ ವಾರದಿಂದ ಆ ಮಂಡಿಯಲ್ಲಿ ಇನ್ನಿಬ್ಬರು ರೈತರು ತಮ್ಮ ಮಾಲನ್ನು ತಾವೇ ಟವೆಲಿನ ಮೇಲೆ ಸುರಿದು ಕೂಗುತ್ತಿದ್ದಾರೆ. ಹಳದಿ ಟವೆಲ್ಲೇ ಬೇಕಂತೆ ಅವರಿಗೆ, ಅದೇ ಕೈಗೂಡುವ ಬಣ್ಣವಂತೆ. ನನಗೆ ನಗು.

ಈಗ ಮುಖ್ಯ ವಿಷಯ, ಸರಿಯಾಗಿ ಓದು. ಕುಂದುರ್ಪಿ, ಬೆಳುಗುಪ್ಪ ಕಡೆಯ ರೈತರೂ ಕಂಪನಿಗೆ ಸೇರುತ್ತಿದ್ದಾರೆ. ಅವರ ಮಾಲನ್ನು ಕಲ್ಯಾಣದುರ್ಗದಲ್ಲೇ ಮಾರಬೇಕು. ಅಲ್ಲಿಗೆ ಒಬ್ಬರು ಬೇಕು: ಹುಣಸೆ ಗೊತ್ತಿರಬೇಕು, ಎರಡು ಭಾಷೆಯ ಗಂಟಲಿರಬೇಕು, ಯಾರಿಗೂ ಹೆದರಬಾರದು. ನಿನ್ನ ಬಿಟ್ಟು ಯಾರೇ? ಫೀಸು ಕೌಂಟರಿನ ಜಾಲರಿಯ ಹಿಂದೆ ಕೂತು ಇನ್ನೆಷ್ಟು ವರ್ಷ ಮಕ್ಕಳಿಗೆ ರಸೀದಿ ಹರಿದು ಕೊಡುತ್ತೀಯ? ನಿನ್ನ ಯಜಮಾನರು ರುದ್ರಮುನಿಯವರು ಬೇಡ ಅನ್ನುವುದಿಲ್ಲ. ಅವರನ್ನು ನಿನ್ನೆಯೇ ಫೋನಿನಲ್ಲಿ ಕೇಳಿಯಾಗಿದೆ, ನಿನಗೆ ಹೇಳಬೇಡಿ ಅಂತ ಆಣೆ ಹಾಕಿಸಿದ್ದೇನೆ. ನೀನು ತಾರಸಿಯ ಮೇಲೆ ಕಂಡ ಕನಸನ್ನು ನಾನು ಒಂದು ಬೆಳಗ್ಗೆ ಸಾಲ ತಂದು ಉಟ್ಟೆ. ಇನ್ನು ನಿನ್ನದನ್ನು ನೀನು ಉಟ್ಟುಕೋ. ಮುಂದಿನ ಭಾನುವಾರ ಮೊದಲ ಬಸ್ಸಿಗೆ ಬತ್ತೀನಿ, ರಾಜೀನಾಮೆ ಬರೆದಿಟ್ಟಿರು. ಇಲ್ಲವೆಂದರೆ ನಾನೇ ಬರೆಯುತ್ತೇನೆ, ಟಿ.ಸಿ. ಬರೆದು ಪಳಗಿದ ಕೈ ಇದು.

ಗಂಟಲು ಇನ್ನೂ ಕಟ್ಟಿಕೊಂಡೇ ಇರುವ,
ನಿನ್ನ ಪದ್ಮಿ
(ಪದ್ಮಲತಾ, ಕಂಪನಿಯ ಖಾಯಂ ಮೇಡಮ್ಮು)

ಮರೆತು ಬರೆದದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟದ್ದು: ಕಲ್ಯಾಣದುರ್ಗಕ್ಕೆ ಯಾರು ಅಂತ ರಾಮಲಿಂಗಯ್ಯನವರು ಕೇಳಿದಾಗ ನಾನು ನಿನ್ನ ಹೆಸರು ಹೇಳಲು ಬಾಯಿ ತೆರೆದೆ. ಆದರೆ ನನಗಿಂತ ಮೊದಲು ಹೇಳಿದವರು ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ನಿಮ್ಮಪ್ಪ. "ನಮ್ ಗೌರಿನ ಕೇಳ್ರಿ. ಈ ಟವೆಲಿನ ಮಾತು ಅವಳ್ದೇ. ಅವತ್ತು ನಾನು ನಕ್ಬುಟ್ಟೆ, ಆ ನಗುನ ಈವತ್ತಿಗೂ ನುಂಗಾಕಾಗಿಲ್ಲ" ಅಂದರು. ಇದನ್ನು ನಿನಗೆ ಹೇಳಬೇಡ ಅಂತ ನನಗೆ ಅವರ ಕಟ್ಟಪ್ಪಣೆ. ನಿನ್ನ ಎದುರಿಗೆ ಕೊಳ್ಳಲು ಕೂರುವವರೂ ಅವರೇ. ಅಪ್ಪ ಅಂತ ರೇಟಿನಲ್ಲಿ ಬಿಡಬೇಡ ಅಂತ ನಿನಗೆ ಹೇಳಲು ಹೇಳಿದ್ದಾರೆ. ಅದೊಂದನ್ನು ಮಾತ್ರ ಹೇಳು ಅಂದಿದ್ದಾರೆ.